ಮುಚ್ಚಳದ ಮೇಲಿನ ಕುಂಕುಮ

ನನ್ನ ಭಾವ ಮುನೀಂದ್ರನಿಗೆ ಕಾರು ಎಂದರೆ ಒಂದು ಹಾರ್ನು, ಒಂದು ನಂಬರ್ ಪ್ಲೇಟು, ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು. ಇದರಾಚೆಗೆ ಬಾನೆಟ್ಟಿನ ಕೆಳಗೂ ಏನೋ ಇದೆ ಎಂಬುದು ಅವನಿಗೆ ಕೇಳಿ ಗೊತ್ತು, ಅಷ್ಟೇ. ಹಾಗಂತ ಮಾತಿಗೇನೂ ಬರವಿಲ್ಲ. ಮಹದೇವಪುರದ ಹಳೇ ಊರೊಳಗೆ ಯಾರ ಗಾಡಿ ಕೆಟ್ಟು ನಿಂತರೂ ಲುಂಗಿ ಎತ್ತಿ ಕಟ್ಟಿಕೊಂಡು ಹೋಗಿ, ಸೊಂಟದ ಮೇಲೆ ಕೈಯಿಟ್ಟು, "ಬ್ಯಾಟ್ರಿ ಇರ್ಬೇಕು ನೋಡಿ" ಎನ್ನುವವನು ಅವನೇ. ಟೈರು ಪಂಕ್ಚರ್ ಆಗಿದ್ದರೂ ಅವನ ಲೆಕ್ಕದಲ್ಲಿ ಬ್ಯಾಟ್ರಿಯೇ.

ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹೆಣ್ಣುಮಕ್ಕಳ ಪಿಜಿ ಎದ್ದಿದೆ. ಬಾಡಿಗೆ ತಾನಾಗಿ ಬರುತ್ತದೆ, ಇವನು ತಾನಾಗಿ ಉಣ್ಣುತ್ತಾನೆ. ನಾನು ಕಂಡಂತೆ ಅವನು ಮೈಬಗ್ಗಿಸಿ ಮಾಡುವ ಒಂದೇ ಕೆಲಸವೆಂದರೆ ಟೆರೇಸಿನ ಟ್ಯಾಂಕು ತುಂಬಿ ಚೆಲ್ಲುವಾಗ ಕೆಳಗೆ ನಿಂತು ಕೂಗುವುದು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಪೀಣ್ಯದ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ನನ್ನನ್ನು ಅವನು ನೆಂಟರ ಎದುರು "ನಮ್ಮ ಸೌಮ್ಯನ ತಮ್ಮ, ಓದು ಹತ್ತಲಿಲ್ಲ" ಎಂದು ಪರಿಚಯಿಸುತ್ತಾನೆ. ಇವನಿಗೆ ಏನು ಹತ್ತಿತು ಎಂದು ಯಾರೂ ಕೇಳುವುದಿಲ್ಲ. ಪಿಜಿ ಇದ್ದವನನ್ನು ಯಾರು ಕೇಳುತ್ತಾರೆ.

ಅಕ್ಕ ಸೌಮ್ಯ ಹಾಗಲ್ಲ. ಪಿಜಿಯ ಅಡುಗೆಮನೆಯಲ್ಲಿ ಹುಡುಗಿಯರಿಗೆ ಬೇಯಿಸುತ್ತ ಬೇಯಿಸುತ್ತ, ಪಕ್ಕದ ಫ್ಯಾಕ್ಟರಿಯ ಹೆಂಗಸರಿಗೂ ಮಧ್ಯಾಹ್ನದ ಊಟ ಕಳಿಸಲು ಶುರುಮಾಡಿದಳು. ಮುದ್ದೆ, ಸೊಪ್ಪಿನ ಸಾರು, ಒಂದು ಪಲ್ಯ. ಆಟೋದವನು ಒಂದು ದಿನ ಬರುತ್ತಿದ್ದ, ಒಂದು ದಿನ ಬರುತ್ತಿರಲಿಲ್ಲ. ಬಂದ ದಿನ ಅರ್ಧ ಸಾರು ಆಟೋ ಕುಡಿಯುತ್ತಿತ್ತು. ಫ್ಯಾಕ್ಟರಿ ಗೇಟಿನವರು ಒಂದು ದಿನ ಅಕ್ಕನನ್ನು ಕರೆದು, ಮನೆಯದೇ ಗಾಡಿ ಮತ್ತು ಲೈಸೆನ್ಸು ಇದ್ದರೆ ನಿಮ್ಮ ಹೆಸರಿಗೇ ಗೇಟ್ ಪಾಸ್ ಮಾಡಿಕೊಡುತ್ತೇವೆ, ಕ್ಯಾಂಟೀನಿನ ಊಟ ಪೂರ್ತಿ ನಿಮ್ಮದೇ ಎಂದರು. ಅಂದಿನಿಂದ ಅಕ್ಕನ ತಲೆಯೊಳಗೆ ಅದೊಂದೇ.

ಭಾವ ಆಗಷ್ಟೇ ಎತ್ತರದ ಹೊಸ ಗಾಡಿ ತಂದಿದ್ದ. ಹಳೆಯದು ಯಾವನೋ ಬಿಲ್ಡರ್ ಓಡಿಸಿ ಬಿಟ್ಟ ಫಾರಿನ್ ಕಂಪನಿಯ ಉದ್ದನೆಯ ಕಾರು, ಕಾಂಪೌಂಡಿನಲ್ಲಿ ಧೂಳು ತಿನ್ನುತ್ತಿತ್ತು. "ಅದ್ರಲ್ಲಿ ಕಲ್ತುಕೊಳ್ಲಿ" ಎಂದ, ದಾನಶೂರನ ಹಾಗೆ. ಎಲ್ಲೆಲ್ಲ ಸಾಧ್ಯವೋ ಅಲ್ಲೆಲ್ಲ ಹೇಳಿಕೊಂಡು ಬಂದ, ಹೆಂಡತಿಗೆ ಕಾರು ಕೊಟ್ಟೆ ಅಂತ. ಮನೆಯೊಳಗೆ ಅವನ ಮಾತು ಬೇರೆ. "ಕಲಿಯೋರ ಲೈಸೆನ್ಸು, ಆ ಎಲ್ಲೆಲ್ ಅವಧಿ ಮುಗೀತಾ ಬಂತು. ಈ ಶುಕ್ರವಾರದ ಟೆಸ್ಟಲ್ಲಿ ಫೇಲಾದ್ರೆ ಮುಗೀತು. ಗಾಡಿ ಮಾರ್ತೀನಿ, ಪಾರ್ಟಿ ರೆಡಿ ಅವ್ನೆ. ನಮ್ಮ ಮನೆ ಹೆಂಗ್ಸು ಪಾತ್ರೆ ಹೊತ್ಕೊಂಡು ಗೇಟಲ್ಲಿ ನಿಂತ್ಕಳಾದು ನಂಗೂ ಅಷ್ಟು ಚೆಂದ ಕಾಣ್ಸಲ್ಲ."

ಆ ವಾರ ನನಗೆ ನೈಟ್ ಶಿಫ್ಟು. ಮಂಗಳವಾರ ಕೆಲಸ ಮುಗಿಸಿ, ಲಗ್ಗೆರೆಯ ರೂಮಿಗೂ ಹೋಗದೆ ನೇರ ಅಕ್ಕನ ಮನೆಗೆ ಬಂದೆ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಅಕ್ಕ ಟೆಸ್ಟಿಗೆಂದು ಕಾರಿನಲ್ಲಿ ಎಂಟು ಹಾಕುತ್ತಿದ್ದಳು. ಹಾಕುತ್ತಿದ್ದಳು ಎನ್ನುವುದಕ್ಕಿಂತ ಕಾರಿನ ಜೊತೆ ಕುಸ್ತಿ ಆಡುತ್ತಿದ್ದಳು. ಸ್ಟೀರಿಂಗ್ ತಿರುಗಿಸಲು ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ನೀರು ಸೇದುವ ಹಾಗೆ ಎಳೆಯುತ್ತಿದ್ದಳು. ಪ್ರತಿ ತಿರುವಿಗೂ ಮುಂದಿನಿಂದ ಕಟ್ಟಿಹಾಕಿದ ಕರು ನರಳಿದಂಥ ಸದ್ದು.

ಮಹಡಿಯ ಮೇಲೆ ಭಾವ ಲೋಟ ಹಿಡಿದು ಕಂಬಿಗೆ ಒರಗಿ ನಿಂತಿದ್ದ. ಅವನಿಗದು ಟಿವಿ.

"ನೋಡ್ದೇನೋ ದೀಪು, ನಿಮ್ಮಕ್ಕನ ಕೈಯಾಗೆ ಶಕ್ತಿನೇ ಇಲ್ಲ. ಹೆಂಗಸ್ರ ಕೈ ಲಟ್ಟಣಿಗೆಗೆ ಸರಿ ಕಣ, ಸ್ಟೇರಿಂಗ್‌ಗೆ ಸರಿಹೋಗಲ್ಲ."

"ದಿನಾ ಫ್ಯಾಕ್ಟರಿ ಜನಕ್ಕೆಲ್ಲ ಮುದ್ದೆ ತೊಳಸ್ತಾಳೆ ಭಾವ," ಎಂದೆ. "ನೀವೊಂದ್ಸಲ ಆ ಕೋಲು ಹಿಡ್ಕೊಂಡ್ ನೋಡಿ, ಆಮೇಲೆ ಶಕ್ತಿ ಮಾತಾಡಣ."

"ಲೇ, ಬಾಯಿ ಜಾಸ್ತಿ ಆಯ್ತು ನಿಂದು," ಎಂದು ನಕ್ಕ. ಅವನಿಗೆ ಬೈದದ್ದೂ ಗೊತ್ತಾಗುವುದಿಲ್ಲ, ಅಷ್ಟು ಸುಖವಾಗಿ ಬೆಳೆದಿದ್ದಾನೆ.

ಅಕ್ಕನನ್ನು ಇಳಿಸಿ ನಾನು ಕೂತೆ. ಎಂಜಿನ್ ಓಡುತ್ತಿದೆ, ಆದರೂ ಸ್ಟೀರಿಂಗ್ ಸಿಮೆಂಟು ಹಾಕಿ ಗಟ್ಟಿಮಾಡಿದ ಹಾಗಿದೆ. ದಿನಾ ಕಬ್ಬಿಣ ಎತ್ತುವ ನನಗೇ ಹೆಗಲು ಹಿಡಿಯಿತು. ಇದು ಕೈಯ ತಪ್ಪಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅಕ್ಕ, ಇದು ಯಾವಾಗ್ಲೂ ಹಿಂಗೇನಾ?"

"ನಂಗೇನ್ ಗೊತ್ತು? ನಾನ್ ಕೂತಾಗ್ಲಿಂದ ಹಿಂಗೇ. ಕಾರಂದ್ರೆ ಹಿಂಗೇ ಇರ್ತದೆ ಅಂದ್ರು ಅವ್ರು."

ಬಾನೆಟ್ ಎತ್ತಿದೆ. ಅದು ಬಾನೆಟ್ಟಲ್ಲ, ದೇವರಮನೆ. ಭಾವನ ತಾಯಿ ಚಿಕ್ಕಮುನಿಯಮ್ಮ ಪ್ರತಿ ಅಮಾವಾಸ್ಯೆ ಗಾಡಿ ಪೂಜೆ ಮಾಡುತ್ತಾಳೆ. ನಿಂಬೆಹಣ್ಣು, ಕುಂಬಳಕಾಯಿ ಎಲ್ಲ ಆದಮೇಲೆ ಬಾನೆಟ್ಟು ತೆಗೆಸಿ ಒಳಗಿನ ಒಂದೊಂದು ಸಾಮಾನಿಗೂ ಅರಿಶಿನ ಕುಂಕುಮ ಇಡುತ್ತಾಳೆ. ಬ್ಯಾಟರಿಗೆ ಬೊಟ್ಟು, ಎಂಜಿನ್ನಿಗೆ ಬೊಟ್ಟು, ನೀರಿನ ಬಾಟಲಿಗೂ ಬೊಟ್ಟು. ಪವರ್ ಸ್ಟೀರಿಂಗಿನ ಎಣ್ಣೆ ನಿಲ್ಲುವ ಚಿಕ್ಕ ಡಬ್ಬಿ ಒಂದು ಮೂಲೆಯಲ್ಲಿತ್ತು. ಅದರ ಮುಚ್ಚಳದ ಮೇಲೆ ವರ್ಷಗಳ ಅರಿಶಿನ ಕುಂಕುಮ ಎಣ್ಣೆಯಲ್ಲಿ ಕಲೆತು ಹಪ್ಪಳದಷ್ಟು ದಪ್ಪ ಮೆತ್ತಿಕೊಂಡಿತ್ತು.

ಮುಚ್ಚಳ ತಿರುಗಿಸಿ ತೆಗೆದೆ. ಅದಕ್ಕೇ ಅಂಟಿಕೊಂಡಂತೆ ಎಣ್ಣೆ ಎಷ್ಟಿದೆ ನೋಡುವ ಕಡ್ಡಿ. ಹಳೇ ಬನಿಯನ್ ತುಂಡಿನಲ್ಲಿ ಒರೆಸಿದೆ, ಬಟ್ಟೆ ಕೆಂಪಾಯಿತು. ಮತ್ತೆ ಅದ್ದಿ ತೆಗೆದರೆ ಕಡ್ಡಿಯ ತುದಿಯೂ ನೆನೆಯಲಿಲ್ಲ. ಕೊಳವೆ ಸೇರುವ ಜಾಗದಲ್ಲಿ ಕ್ಲಿಪ್ಪು ಸಡಿಲವಾಗಿ ಎಣ್ಣೆ ಜಿನುಗಿ ಮಣ್ಣು ಹಿಡಿದಿತ್ತು. ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿದೆ.

"ಎಣ್ಣೆ ಇಲ್ಲ ಭಾವ. ಸ್ಟೀರಿಂಗ್ ಎಣ್ಣೆ ಖಾಲಿ."

"ಓ, ಸ್ಟೇರಿಂಗ್‌ಗೂ ಎಣ್ಣೆ ಹಾಕ್ತಾರಾ?" ಎಂದ ಮೇಲಿನಿಂದ. "ಹಂಗಾದ್ರೆ ನಿಮ್ಮ ಫ್ಯಾಕ್ಟ್ರೀಲಿ ಪ್ರೆಸ್ಸಿಗೆ ಹಾಕೋದು ಇರ್ತದಲ್ಲ, ಅದ್ನೇ ಒಂದ್ ಬಾಟ್ಲಿ ಇಳಿಸ್ಕಂಡ್ ಬಾ. ಎಣ್ಣೆ ಅಂದ್ರೆ ಎಣ್ಣೆ."

ಇವನ ತಲೆಗೂ ಅದೇ ಎಣ್ಣೆ ಹಚ್ಚಬೇಕು ಅನಿಸಿತು. ಸುಮ್ಮನೆ ಬಟ್ಟೆ ಜೇಬಿಗೆ ತುರುಕಿಕೊಂಡು ಹೊರಟೆ.

ಮೇನ್ ರೋಡಿನ ಸ್ಪೇರ್ಸ್ ಅಂಗಡಿ ನಾಗಲಕ್ಷ್ಮಮ್ಮನದು. ಗಂಡ ಹೋದಮೇಲೆ ಆಕೆಯೇ ಗಲ್ಲಾದ ಮೇಲೆ ಕೂತು, ಬಳೆ ಅಂಗಡಿ ನಡೆಸುವಷ್ಟೇ ಸಲೀಸಾಗಿ ಕ್ಲಚ್ ಪ್ಲೇಟು, ಬೇರಿಂಗು ಮಾರುತ್ತಾಳೆ. ನನಗಿಂತ ಮುಂದೆ ಒಬ್ಬ ಟೆಂಪೋ ಡ್ರೈವರ್ ನಿಂತಿದ್ದ.

"ಅಮ್ಮ, ಬ್ರೇಕ್ ಆಯಿಲ್ ಮಿಕ್ಕೈತೆ. ಸ್ಟೇರಿಂಗ್‌ಗೂ ಅದ್ನೇ ಹಾಕ್ಬಿಡ್ಲಾ?"

"ಹಾಕಪ್ಪ. ಒಳಗಿನ ರಬ್ಬರೆಲ್ಲ ಉಬ್ಬಿ, ಎಣ್ಣೆ ಪೂರ್ತಿ ರೋಡಿಗೆ ಸೋರಿದ್ಮೇಲೆ ಇಲ್ಲಿಗೇ ಬರ್ತೀಯಲ್ಲ. ರಬ್ಬರ್ ಕಿಟ್ಟೂ ನಾನೇ ಮಾರೋದು, ಪಂಪೂ ನಾನೇ ಮಾರೋದು."

ಅವನು ಹಲ್ಲು ಕಿರಿದು ಹೋದ. ಖಂಡಿತ ಹಾಕುತ್ತಾನೆ. ಇಂಥವರನ್ನು ನಾನು ಪೀಣ್ಯದಲ್ಲಿ ದಿನಾ ನೋಡುತ್ತೇನೆ. ಮಿಕ್ಕಿದೆ ಅಂತ ಹಾಕುವವರು, ಪಕ್ಕದವನು ಹಾಕಿದ ಅಂತ ಹಾಕುವವರು, ಬಣ್ಣ ಚೆನ್ನಾಗಿದೆ ಅಂತ ಹಾಕುವವರು. ಸೀರೆಗೆ ರವಿಕೆ ಹೊಂದಿಸಿದಂತೆ ಎಣ್ಣೆ ಹೊಂದಿಸುತ್ತಾರೆ, ಗಾಡಿ ಕೆಟ್ಟರೆ ಶನಿಯ ಕಾಟ ಅನ್ನುತ್ತಾರೆ.

"ನಿಂಗೇನಪ್ಪ?"

"ಪವರ್ ಸ್ಟೀರಿಂಗ್ ಆಯಿಲ್ ಅಮ್ಮ."

"ಯಾವ್ದು? ಮುಚ್ಚಳದ ಮೇಲೆ ಬರ್ದಿರ್ತದೆ, ಓದ್ಕೊಂಬಂದ್ಯಾ?"

"ಮುಚ್ಚಳ ಪೂರ್ತಿ ಕುಂಕುಮ ಮೆತ್ಕೊಂಡಿದೆ. ಒಂದಕ್ಷರ ಕಾಣ್ಸಲ್ಲ."

"ಹಂಗಾದ್ರೆ ಒಳಗಿರೋದ್ರ ಬಣ್ಣ ಹೇಳು."

ಜೇಬಿನಿಂದ ಬಟ್ಟೆ ತೆಗೆದು ಗಲ್ಲಾದ ಮೇಲೆ ಹರಡಿದೆ. ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿ, ಹಿಂದಿನ ಶೆಲ್ಫಿನಿಂದ ಕೆಂಪು ಎಣ್ಣೆಯ ಬಾಟಲಿ ಇಳಿಸಿದಳು. "ಕೆಂಪು. ಮುಕ್ಕಾಲು ಗಾಡಿಗೆ ಇದೇ ಹೋಗದು. ಆದ್ರೂ ಮುಚ್ಚಳ ಒಂದ್ಸಲ ತೊಳ್ದು ನೋಡು ಮಗಾ."

ಆಯಿತು ಎಂದು ತಲೆಯಾಡಿಸಿದೆ. ತೊಳೆಯಲಿಲ್ಲ.

ತಂದು ಹಾಕಿದೆ. ಎಂಜಿನ್ ಓಡಿಸಿ, ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಇಳಿದಷ್ಟನ್ನು ಮತ್ತೆ ತುಂಬಿದೆ. ನರಳಾಟ ನಿಂತಿತು. ಸ್ಟೀರಿಂಗ್ ಬೆರಳಿಗೆ ತಿರುಗತೊಡಗಿತು. ಅಕ್ಕನನ್ನು ಕೂರಿಸಿದೆ.

"ಈಗ ಹಾಕು ಎಂಟು."

ಪಾಪ, ಅವಳು ಎಂದಿನಂತೆ ಅರ್ಧ ಎದ್ದು, ಮೈಯೆಲ್ಲ ಬಲ ಕೊಟ್ಟು ಎಳೆದಳು. ಕಾರು ಗಾಳಿಪಟದ ಹಾಗೆ ತಿರುಗಿ ನೇರ ಪಕ್ಕದ ಸೈಟಿನ ಎಂ-ಸ್ಯಾಂಡ್ ಗುಡ್ಡೆಗೆ ನುಗ್ಗಿತು. ಏನೂ ಮುರಿಯಲಿಲ್ಲ, ಬಂಪರು ಮರಳಲ್ಲಿ ಹೂತುಕೊಂಡಿತಷ್ಟೇ. ಮಹಡಿಯಿಂದ ಭಾವ ನಕ್ಕ ನಗು ಬೀದಿಯ ಆ ತುದಿಗೆ ಕೇಳಿತು.

"ಇದೇನೋ ಇದು, ನೀರಲ್ಲಿ ಕೈ ಆಡಿಸ್ದಂಗೆ ಆಯ್ತದೆ," ಎಂದಳು ಅಕ್ಕ. "ಎಲ್ಲಿ ಹಿಡಿಯೋದು ಅಂತಾನೇ ಗೊತ್ತಾಗಲ್ಲ."

"ಸರಿಯಿರೋ ಸ್ಟೀರಿಂಗ್ ಹಿಂಗೇ ಇರೋದು ಅಕ್ಕ. ಅಭ್ಯಾಸ ಆಗ್ತದೆ."

ಅಭ್ಯಾಸ ಆಗುವಷ್ಟು ಹೊತ್ತು ಅದು ಇರಲೂ ಇಲ್ಲ. ನಾಲ್ಕು ಸುತ್ತು ಹಾಕುವುದರೊಳಗೆ ಮತ್ತೆ ಸದ್ದು ಶುರುವಾಯಿತು, ಈ ಸಲ ಕರುವಿನದಲ್ಲ, ಮಿಕ್ಸಿಯದು. ಸ್ಟೀರಿಂಗ್ ಒಮ್ಮೆ ಸಡಿಲ, ಒಮ್ಮೆ ಬಿಗಿ. ಮುಚ್ಚಳ ತೆಗೆದರೆ ಡಬ್ಬಿ ತುಂಬ ನೊರೆ, ಕಾಫಿಯ ಮೇಲಿನ ನೊರೆಯ ಹಾಗೆ ಉಕ್ಕಿ ಹೊರಗೆ ಇಳಿಯುತ್ತಿತ್ತು. ನೊರೆಯ ಅಂಚಿನಲ್ಲಿ ಒಂದು ಹಸಿರು ಗೆರೆ ಕಂಡಿತು. ಕೆಂಪು ಹಾಕಿದ ಕಡೆ ಹಸಿರೆಲ್ಲಿಂದ ಬಂತು?

ಚಿಕ್ಕಮುನಿಯಮ್ಮ ಸೊಪ್ಪು ಬಿಡಿಸುತ್ತ ಜಗಲಿಯಲ್ಲಿ ಕೂತಿದ್ದಳು.

"ಏನ್ಲಾ ಅದು, ಹಾಲು ಉಕ್ಕಿದಂಗೆ ಉಕ್ತೈತೆ?"

"ಎಣ್ಣೆ ಸರಿಹೋಗಿಲ್ಲ ಅಜ್ಜಿ."

"ಸರಿಹೋಗ್ದೆ ಏನು. ಹೋದ ಅಮಾಸೆಗೂ ಪೂಜೆ ಮಾಡಿವ್ನಿ. ಮುಚ್ಚಳದ ಮೇಲೆ ಮಾತ್ರ ಅಲ್ಲ, ಬಿಚ್ಚಿ ಒಳಗಿರೋ ಕಡ್ಡಿಗೂ ಕುಂಕುಮ ಇಟ್ಟಿವ್ನಿ. ಒಳಗಿರೋನ್ಗೂ ಸಲ್ಲಬೇಕಲ್ಲ."

ಅಕ್ಕ ನನ್ನ ಕಡೆ ನೋಡಿದಳು. ನಾನು ಜೇಬಿನ ಬಟ್ಟೆಯ ಕಡೆ ನೋಡಿದೆ. ಅವಳು ಅದನ್ನು ಕಿತ್ತುಕೊಂಡು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದಳು.

"ಕುಂಕುಮ ಕಣೋ ಇದು. ನಮ್ಮನೆ ಕುಂಕುಮ. ಅತ್ತೆ ಕೈಗೆ ದಿನಾ ಅಂಟ್ಕೊಂಡಿರೋದು ಇದೇ. ಇದ್ರಲ್ಲಿ ಎಣ್ಣೆ ಎಲ್ಲಿ ನೋಡ್ದೆ ನೀನು?"

ಎಣ್ಣೆ ನಾನು ನೋಡಿರಲೇ ಇಲ್ಲ. ಡಬ್ಬಿ ಖಾಲಿಯಿತ್ತು, ಕಡ್ಡಿ ಒಣಗಿತ್ತು, ಕೆಂಪು ಪೂರ್ತಿ ಪೂಜೆಯದು. ಆ ಟೆಂಪೋದವನನ್ನು ನೋಡಿ ಮನಸ್ಸಿನಲ್ಲೇ ಉಗಿದ ನಾನೂ ರವಿಕೆ ಹೊಂದಿಸಿದ್ದೆ, ಅದೂ ಕುಂಕುಮಕ್ಕೆ. ಅಜ್ಜಿಯ ಮೇಲೆ ರೇಗಬೇಕು ಅನಿಸಿತು. ಆದರೆ ಆ ಮುದುಕಿ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಆ ಕಾರನ್ನು ನೋಡಿಕೊಂಡಿದ್ದಳು. ಆ ಮನೆಯಲ್ಲಿ ಬಾನೆಟ್ಟು ಎತ್ತಿದವಳೆಂದರೆ ಅವಳೊಬ್ಬಳೇ.

ಅಕ್ಕ ಮುಚ್ಚಳ ತೆಗೆದುಕೊಂಡು ಬಚ್ಚಲಿಗೆ ಹೋದಳು. ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ತಂದಳು. ಕಪ್ಪು ಮುಚ್ಚಳದ ಮೇಲೆ ಬಿಳಿ ಅಕ್ಷರಗಳು ಹೊಸದರ ಹಾಗೆ ಎದ್ದು ಬಂದಿದ್ದವು. ಇಂಥದೇ ಎಣ್ಣೆ ಹಾಕಿ, ಬೇರೆ ಹಾಕಬೇಡಿ ಎಂದು ಎಣ್ಣೆಯ ಹೆಸರು, ನಂಬರಿನ ಸಮೇತ ಇಂಗ್ಲಿಷಿನಲ್ಲಿ ಬರೆದಿತ್ತು. ಕಾರು ಬಂದ ದಿನದಿಂದ ಅದು ಹೇಳುತ್ತಲೇ ಇತ್ತು, ನಾವು ಅದರ ಬಾಯಿಗೆ ಅರಿಶಿನ ಮೆತ್ತಿದ್ದೆವು.

ಬುಧವಾರ ಬೆಳಿಗ್ಗೆ ಮುಚ್ಚಳವನ್ನೇ ಹಿಡಿದುಕೊಂಡು ಅಂಗಡಿಗೆ ಹೋದೆ. ಅಕ್ಕನೂ ಜೊತೆಗೆ ಬಂದಳು. ನಾಗಲಕ್ಷ್ಮಮ್ಮ ಮುಚ್ಚಳ ತಿರುಗಿಸಿ ನೋಡಿದಳು.

"ಇದಕ್ಕೆ ಕೆಂಪು ಹಾಕ್ದ್ಯಾ? ಇದು ಹಸಿರು ಎಣ್ಣೆ ಗಾಡಿ. ಎರಡೂ ಒಂದಕ್ಕೊಂದು ಸೇರಲ್ಲ." ಆಮೇಲೆ ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿದಳು. "ನೀನು ಮುನೀಂದ್ರನ ಮನೆಯವಳಲ್ವಾ? ಈ ಎಣ್ಣೆ ನಾನು ಸಿಟಿಯಿಂದ ತರಿಸಿಟ್ಟಿದ್ದೆ ಕಣಮ್ಮ, ಅವ್ನು ಕೇಳ್ದ ಅಂತಾನೇ. ಮಳೆಗಾಲಕ್ಕೆ ಮುಂಚೆ ಬಂದಿದ್ದ. ಸ್ಟೇರಿಂಗ್ ಬಿಗಿಯಾಗೈತೆ, ಎಣ್ಣೆ ಸೋರ್ತೈತೆ ಅಂದ. ತರಿಸಿ ಫೋನ್ ಮಾಡಿದ್ರೆ, ಬೇಡ ಬಿಡಕ್ಕ, ಹೊಸ ಗಾಡಿ ತಗೊಂಡೆ, ಅದ್ನ ಇನ್ಮೇಲೆ ನಮ್ಮ ಮನೆಯವ್ಳು ಓಡ್ಸೋದು, ನಾಕ್ ದಿನ ತಿರುಗ್ಸಿ ಸಾಕಾಗಿ ಅವ್ಳೇ ಬಿಡ್ತಾಳೆ ಅಂದ. ಇಗೋ, ಡಬ್ಬಿ ಇಲ್ಲೇ ಧೂಳು ಹಿಡೀತಾ ಕೂತೈತೆ."

ಸ್ಟೇರಿಂಗ್‌ಗೂ ಎಣ್ಣೆ ಹಾಕ್ತಾರಾ, ಎಂದು ಕೇಳಿದ್ದನಲ್ಲ. ಲೋಟ ಹಿಡಿದು, ಕಂಬಿಗೆ ಒರಗಿ, ಏನೂ ಅರಿಯದ ಹಸುಗೂಸಿನ ಹಾಗೆ. ಅವನನ್ನು ನಾನು ಇಷ್ಟು ದಿನ ದಡ್ಡ ಎಂದುಕೊಂಡಿದ್ದೆ, ಅದೂ ಮರ್ಯಾದೆ ಕೊಟ್ಟ ಹಾಗೆ ಆಯಿತು. ದಡ್ಡನಿಗೆ ಕ್ಷಮೆ ಇದೆ. ಗೊತ್ತಿದ್ದೂ ಹೆಂಡತಿ ಬೆವರು ಸುರಿಸಿ ಎಳೆಯುವುದನ್ನು ಮಹಡಿಯಲ್ಲಿ ನಿಂತು ಟೀ ಕುಡಿಯುತ್ತ ನೋಡುವವನಿಗೆ ಏನೆನ್ನಬೇಕು? ನನಗೆ ಓದು ಹತ್ತಲಿಲ್ಲ, ಅಂಥ ಪದ ಕಲಿಯಲಿಲ್ಲ. ಕಲಿತದ್ದು ಕೆಲವು ಪೀಣ್ಯದ ಪದಗಳು, ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಬಾ ಅಕ್ಕ," ಎಂದೆ. "ಇವತ್ತು ಅವನ್ನ ಬೀದಿಗೆ ಎಳೀತೀನಿ."

ಅಕ್ಕ ಡಬ್ಬಿಯ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಮುಖ ಎತ್ತಲಿಲ್ಲ. "ಇವತ್ತು ನೀನು ಜಗಳ ಆಡಿದ್ರೆ ಶುಕ್ರವಾರ ನನ್ನ ಕೈಗೆ ಕಾರಿನ ಕೀ ಬರಲ್ಲ. ಬಾಯ್ ಮುಚ್ಕೊಂಡು ಎಣ್ಣೆ ಹಾಕು."

ಬಾಯಿ ಮುಚ್ಚಿಕೊಂಡೆ. ಅದು ನಾನು ಈವರೆಗೆ ಮಾಡಿದ ಅತಿ ಕಷ್ಟದ ಕೆಲಸ.

ಮಧ್ಯಾಹ್ನ ಕಾರಿನ ಮುಂಭಾಗ ಜಾಕಿನಿಂದ ಎತ್ತಿ, ಕೆಳಗೆ ಸೈಜುಗಲ್ಲು ಕೊಟ್ಟು, ವಾಪಸ್ ಬರುವ ಕೊಳವೆ ಬಿಚ್ಚಿ ಪೇಂಟಿನ ಬಕೆಟ್ಟಿಗೆ ಇಳಿಬಿಟ್ಟೆ. ಎಂಜಿನ್ ಆಫ್. ಅಕ್ಕ ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಕೊನೆವರೆಗೆ, ಬಲಕ್ಕೆ ಕೊನೆವರೆಗೆ ತಿರುಗಿಸುತ್ತ ಹೋದಳು. ಮೊದಲು ನೊರೆ ಬಂತು, ಆಮೇಲೆ ಕೆಂಪು, ಆಮೇಲೆ ಮಣ್ಣಿನ ಬಣ್ಣ. ನಾನು ಮೇಲಿನಿಂದ ಹಸಿರು ಹೊಯ್ಯುತ್ತ ಹೋದೆ, ಬಕೆಟ್ಟಿಗೆ ಬೀಳುವುದೂ ಅಚ್ಚ ಹಸಿರಾಗುವ ತನಕ. ಕೊಳವೆ ಜೋಡಿಸಿ, ಗಾಳಿ ಹೋಗುವಷ್ಟು ತಿರುಗಿಸಿ, ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದೆ. ಎಂಜಿನ್ ಹಾಕಿದರೆ ಸದ್ದಿಲ್ಲ, ನೊರೆಯಿಲ್ಲ. ಸ್ಟೀರಿಂಗ್ ಬೆಣ್ಣೆ.

ಅಕ್ಕ ಒಂದು ಸುತ್ತು ಹಾಕಿದಳು. ಮತ್ತೆ ಮರಳಿನ ಗುಡ್ಡೆಯ ಹತ್ತಿರವೇ ಹೋಗಿ ಬ್ರೇಕ್ ಒತ್ತಿದಳು. ಇನ್ನೊಂದು ಸುತ್ತಿಗೆ ಎಂಟರ ಬದಲು ಸೊನ್ನೆಯಾಯಿತು. ಇಳಿದು ಬಂದು ಬಾನೆಟ್ಟಿಗೆ ಒರಗಿ ನಿಂತಳು.

"ದೀಪು, ಈ ಎಣ್ಣೆ ಕೆಲ್ಸ ಮಾಡ್ದೇ ಇರೋ ಹಂಗೆ ಮಾಡೋಕಾಗ್ತದಾ?"

"ಅಂದ್ರೆ?"

"ನಂಗೆ ಗೊತ್ತಿರೋದು ಆ ಬಿಗಿನೇ. ಮುದ್ದೆ ತೊಳಸ್ದಂಗೆ ಎಲ್ಲಿ ಎಷ್ಟು ಒತ್ಬೇಕು ಅಂತ ನನ್ನ ಕೈಗೆ ಗೊತ್ತು. ಈ ಬೆಣ್ಣೆ ಹೊಸದಾಗಿ ಕಲಿಯೋಕೆ ಇನ್ನೊಂದು ತಿಂಗಳು ಬೇಕು. ಶುಕ್ರವಾರ ಅಂದ್ರೆ ನಾಡಿದ್ದು."

ಈ ಕಾರಿನಲ್ಲಿ ಸ್ಟೀರಿಂಗ್ ಪಂಪು ತಿರುಗಿಸಲೆಂದೇ ಒಂದು ಬೇರೆ ಬೆಲ್ಟ್ ಇದೆ. ಅದನ್ನು ತೆಗೆದರೆ ಪಂಪು ಸುಮ್ಮನಿರುತ್ತದೆ, ಎಣ್ಣೆ ಇದ್ದೂ ಸಹಾಯವಿಲ್ಲ, ಸ್ಟೀರಿಂಗ್ ಮತ್ತೆ ಕಲ್ಲು. ತಿರುಗಿಸುವ ತಾಕತ್ತಿದ್ದರೆ ಗಾಡಿ ಹೋಗುತ್ತದೆ. ಹೇಳಿದೆ.

"ತೆಗಿ," ಎಂದಳು.

ಬೋಲ್ಟು ಸಡಿಲಿಸಿ ಬೆಲ್ಟ್ ತೆಗೆದು ನನ್ನ ಬ್ಯಾಗಿನಲ್ಲಿ, ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡೆ. ಅವಳು ಹೋಗಿ ಎಂಟು ಹಾಕಿದಳು. ಪುಸ್ತಕದಲ್ಲಿ ಬರೆದ ಎಂಟು. ಮಹಡಿಯ ಮೇಲಿನವನು ಅಂದು ಬೇಗ ಒಳಗೆ ಹೋದ. ಹೆಂಡತಿ ಮತ್ತೆ ಎಳೆದಾಡುವುದನ್ನು ಕಂಡು ಅವನಿಗೆ ನೆಮ್ಮದಿಯಾಗಿತ್ತು.

ಶುಕ್ರವಾರ ಟೆಸ್ಟಿನ ಟ್ರ್ಯಾಕಿಗೆ ಅಕ್ಕನೇ ಓಡಿಸಿಕೊಂಡು ಬಂದಳು, ನಾನು ಪಕ್ಕದಲ್ಲಿ. ಟ್ರ್ಯಾಕಿನ ಹೊರಗೆ ಜನವೋ ಜನ. ಕೈಯಲ್ಲಿ ಫೈಲು ಹಿಡಿದ ಏಜೆಂಟರು ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು. ಒಬ್ಬ ಬಂದು ಅಕ್ಕನಿಗೆ, "ಮೇಡಂ, ಗಾಡಿ ದೊಡ್ಡದಾಯ್ತು, ನಮ್ಮ ಚಿಕ್ಕ ಗಾಡೀಲಿ ಮಾಡಿ, ಗ್ಯಾರಂಟಿ ಪಾಸು" ಎಂದ. ಅಕ್ಕ ಅವನ ಕಡೆ ತಿರುಗಲಿಲ್ಲ.

ಅವಳ ಸರದಿ ಬಂತು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು. ನಾನು ಬೇಲಿಯ ಹೊರಗಿನಿಂದ ನೋಡುತ್ತಿದ್ದೆ. ಮೊದಲ ತಿರುವಿಗೆ ಅವಳು ಸೀಟಿನಿಂದ ಅರ್ಧ ಎದ್ದಳು. ದಬರಿಯಲ್ಲಿ ಕೋಲು ತಿರುಗಿಸುವ ಹಾಗೆ ಮೊಣಕೈ ಹೊರಗೆ ಬಂತು, ಹೆಗಲು ಇಳಿಯಿತು, ಕಾರು ಗೆರೆ ಮುಟ್ಟದೆ ಸುತ್ತಿ ಬಂತು. ಎಂಟು ಮುಗಿಯಿತು. ರಿವರ್ಸ್ ಮುಗಿಯಿತು. ಇಳಿಯುವಾಗ ಇನ್ಸ್‌ಪೆಕ್ಟರು ಏನೋ ಕೇಳಿದರು, ಅಕ್ಕ ನಕ್ಕಳು. ಆಮೇಲೆ ನನಗೆ ಹೇಳಿದಳು, "ಗಾಡಿ ಸ್ವಲ್ಪ ಬಿಗಿ ಇದೆಯಲ್ಲಮ್ಮ ಅಂದ್ರು. ಅಭ್ಯಾಸ ಆಗಿದೆ ಸಾರ್ ಅಂದೆ. ಪಾಸಂತೆ."

ಕಾರನ್ನು ಗೇಟಿನ ಹೊರಗೆ, ರಸ್ತೆ ಬದಿಗೆ ತಂದು ನಿಲ್ಲಿಸಿದೆವು. ಭಾವನ ಹೊಸ ಗಾಡಿ ಅಲ್ಲೇ ನಿಂತಿತ್ತು. ಅವನ ಜೊತೆ ಬಿಳಿ ಅಂಗಿ ತೊಟ್ಟ, ಕಂಕುಳಲ್ಲಿ ಬ್ಯಾಗು ಸಿಕ್ಕಿಸಿಕೊಂಡ ಒಬ್ಬ. ಪಾರ್ಟಿ. ಅಕ್ಕ ಫೇಲಾಗುತ್ತಾಳೆ ಎಂಬ ಧೈರ್ಯದಲ್ಲಿ ಗಾಡಿ ಕೊಳ್ಳುವವನನ್ನು ಟ್ರ್ಯಾಕಿಗೇ ಕರೆದುಕೊಂಡು ಬಂದಿದ್ದ.

"ಪಾಸಾದೆ ರೀ," ಎಂದಳು ಅಕ್ಕ.

ಭಾವ ಪಾರ್ಟಿಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಹಲ್ಲು ಬಿಟ್ಟ. "ಸಂತೋಷ, ಸಂತೋಷ. ಲೈಸೆನ್ಸ್ ಬಂತಲ್ಲ, ಇಟ್ಕೋ, ಯಾವತ್ತಾದ್ರೂ ಕೆಲ್ಸಕ್ಕೆ ಬರ್ತದೆ. ಈ ಗಾಡಿ ಮಾತ್ರ ಇವ್ರಿಗೆ ಮಾತಾಡ್ಬಿಟ್ಟಿವ್ನಿ. ದೂರದಿಂದ ಬಂದವ್ರೆ. ಮಾತು ಅಂದ್ರೆ ಮಾತು."

ಮಾತು ಅಂದರೆ ಮಾತಂತೆ. ಹೆಂಡತಿಗೆ ಕೊಟ್ಟದ್ದು ಮಾತಲ್ಲ, ಗೊತ್ತಿಲ್ಲದ ಬಿಳಿ ಅಂಗಿಗೆ ಕೊಟ್ಟದ್ದು ಮಾತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ನನ್ನ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. ಕೀ ಭಾವನ ಕೈಗೆ ಕೊಟ್ಟಳು.

"ಓಡ್ಸಿ ತೋರ್ಸಿ ಅವ್ರಿಗೆ," ಎಂದಳು.

ಭಾವ ಕೂತ. ಪಾರ್ಟಿ ಪಕ್ಕದಲ್ಲಿ ಕೂತ. "ಒಂದೇ ಬೆರಳಲ್ಲಿ ತಿರುಗ್ತದೆ ಸಾರ್ ಇದು, ಫಾರಿನ್ ಗಾಡಿ, ಮೊನ್ನೆ ಹೊಸ ಎಣ್ಣೆ ಬೇರೆ ಹಾಕ್ಸಿವ್ನಿ" ಎನ್ನುತ್ತ ಭಾವ ಸ್ಟೀರಿಂಗ್ ಮೇಲೆ ಒಂದು ಕೈಯಿಟ್ಟು ರಸ್ತೆಗೆ ತೆಗೆದ. ಮುಂದೆ ಬಸ್ ಸ್ಟಾಪು, ತಿರುಗಿಸಲೇಬೇಕು. ಒಂದು ಕೈಗೆ ತಿರುಗಲಿಲ್ಲ. ಎರಡು ಕೈ ಹಾಕಿದ. ಕಾರು ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು, ಮೂಗು ಆ ಕಡೆ, ಬಾಲ ಈ ಕಡೆ. ರಿವರ್ಸ್ ಹಾಕಿದ, ಅಲ್ಲೂ ತಿರುಗಲಿಲ್ಲ. ಹಿಂದೆ ಬಸ್ಸು ಬಂದು ನಿಂತಿತು, ಅದರ ಹಿಂದೆ ಟೆಂಪೋ, ಅದರ ಹಿಂದೆ ಇಡೀ ಬೆಂಗಳೂರು. ಹಾರ್ನಿನ ಮೇಲೆ ಅಷ್ಟು ಪ್ರೀತಿ ಇದ್ದವನಿಗೆ ಆವತ್ತು ಹೊಟ್ಟೆ ತುಂಬ ಹಾರ್ನು ಸಿಕ್ಕಿತು.

"ಏನಣ್ಣ, ಗಾಡಿ ಓಡ್ಸೋಕ್ ಬರಲ್ವಾ?" ಎಂದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ.

ಪಾರ್ಟಿ ಬಾಗಿಲು ತೆಗೆದು ಇಳಿದ. "ಏನ್ರೀ ಇದು ಪ್ರಾಬ್ಲಂ?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು.

"ಅವ್ರನ್ನೇ ಕೇಳಿ ಸಾರ್. ಅವ್ರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆನೇ ಗೊತ್ತು."

ದನಿ ಎತ್ತಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ಮೆಲ್ಲಗೆ ಹೇಳಿದಳು. ಸ್ಟೀರಿಂಗ್ ಹಿಡಿದುಕೊಂಡಿದ್ದ ಭಾವ ಅವಳ ಕಡೆ ನೋಡಿದ. ಆ ನೋಟ ನಾನು ಸಾಯುವ ತನಕ ಜೋಪಾನ ಮಾಡುತ್ತೇನೆ. ಪಾರ್ಟಿ ಇಬ್ಬರನ್ನೂ ಒಮ್ಮೆ ನೋಡಿ, ಕಂಕುಳ ಬ್ಯಾಗು ಸರಿಮಾಡಿಕೊಂಡು, "ಫೋನ್ ಮಾಡ್ತೀನಿ" ಎಂದು ಆಟೋ ಹತ್ತಿದ.

"ಇಳೀರಿ," ಎಂದಳು ಅಕ್ಕ. "ಕೈಯಲ್ಲಿ ಶಕ್ತಿ ಇಲ್ಲ ಅಂತ ಕಾಣ್ಸುತ್ತೆ."

ಇಳಿದ. ಅವಳು ಕೂತು, ಅರ್ಧ ಎದ್ದು, ಎಳೆದಳು. ಕಾರು ತಿರುಗಿತು. ಬಸ್ಸು ಮುಂದೆ ಹೋಯಿತು. ಭಾವ ಬಿಸಿಲಲ್ಲಿ ನಿಂತು ಲುಂಗಿಗೆ ಕೈ ಹಾಕಿದ, ಎತ್ತಿ ಕಟ್ಟಲು. ಅಂದು ಪ್ಯಾಂಟು ಹಾಕಿದ್ದ.

ದಾರಿಯಲ್ಲಿ ಕೇಳಿದೆ, "ಬೆಲ್ಟ್ ಹಾಕ್ಕೊಟ್ಟು ಹೋಗ್ಲಾ ಅಕ್ಕ? ಎಷ್ಟು ದಿನ ಹಿಂಗೆ ಎಳೀತೀಯ?"

"ಆ ಪಾರ್ಟಿ ನಂಬರು ಇನ್ನೂ ಇವ್ರ ಫೋನಲ್ಲಿದೆ. ಗೇಟ್ ಪಾಸು ಆಗ್ಲಿ, ಗಾಡಿ ನನ್ನ ಹೆಸರಿಗೆ ಬರೀಲಿ. ಅಲ್ಲಿವರೆಗೂ ನಿನ್ನತ್ರಾನೇ ಇರ್ಲಿ. ನಂಗೇನು ಭಾರ ಇಲ್ಲ."

ಬೆಲ್ಟ್ ಈಗ ಲಗ್ಗೆರೆಯ ನನ್ನ ರೂಮಿನಲ್ಲಿ, ಅಂಗಿ ತೂಗುಹಾಕುವ ಮೊಳೆಯ ಮೇಲಿದೆ. ಅಕ್ಕ ದಿನಾ ಊಟದ ಪಾತ್ರೆ ಏರಿಸಿಕೊಂಡು ಫ್ಯಾಕ್ಟರಿಗೆ ಹೋಗಿಬರುತ್ತಾಳೆ. ಗೇಟ್ ಪಾಸಾಗಿದೆ. ಹೆಸರು ಬದಲಾಯಿಸುವ ಮಾತಿಗೆ ಭಾವ ಇನ್ನೂ ನೋಡೋಣ ಎನ್ನುತ್ತಿದ್ದಾನೆ. ಅಮಾವಾಸ್ಯೆಗೆ ಅಜ್ಜಿ ಬಾನೆಟ್ಟಿನೊಳಗೆ ಎಲ್ಲದಕ್ಕೂ ಕುಂಕುಮ ಇಟ್ಟಳಂತೆ, ಆ ಮುಚ್ಚಳ ಒಂದನ್ನು ಬಿಟ್ಟು. ಅಕ್ಕ ಅದರ ಮೇಲೆ ಸ್ಟೀಲ್ ಲೋಟ ಕವುಚಿಟ್ಟಿದ್ದಳಂತೆ.

ಮೊನ್ನೆ ಭಾವನೇ ಫೋನ್ ಮಾಡಿದ. ಹಿನ್ನೆಲೆಯಲ್ಲಿ ಬಾನೆಟ್ಟು ಮುಚ್ಚಿದ ಸದ್ದು ಕೇಳಿತು.

"ಲೋ ದೀಪು, ಹೊಸ ಎಣ್ಣೆ ತುಂಬೈತೆ, ಹಸಿರಾಗೇ ಐತೆ, ಗೆರೆಗೆ ಸರಿಯಾಗೈತೆ. ಆದ್ರೂ ತಿರುಗ್ತಿಲ್ಲ ಕಣೋ. ಬ್ಯಾಟ್ರಿ ಇರ್ಬೇಕಾ?"

ಮೊಳೆಯ ಮೇಲಿನ ಬೆಲ್ಟಿನ ಕಡೆ ನೋಡಿದೆ.

"ಹೌದು ಭಾವ," ಎಂದೆ. "ಬ್ಯಾಟ್ರಿನೇ."